ಡಾಲರ್ ಏರಿದರೆ ವೆಬ್‌ಸೈಟಿನ ದುಡ್ಡೂ ಏರುತ್ತದಾ?

ಡಾಲರ್ ಏರಿತು ಎಂದರೆ ನಮ್ಮ ಸಕಲೇಶಪುರದ ಕಾಫಿ ಬೆಳೆಗಾರರಿಗೆ ಆಸೆ ಹುಟ್ಟುತ್ತದೆ. ರೊಬಸ್ಟಾ ದರ ಲಂಡನ್‌ನಲ್ಲಿ, ಅರೇಬಿಕಾ ದರ ನ್ಯೂಯಾರ್ಕ್‌ನಲ್ಲಿ ತೀರ್ಮಾನವಾಗುತ್ತದೆ, ಎರಡೂ ಡಾಲರ್ ಲೆಕ್ಕ. ನಮ್ಮ ವೆಬ್‌ಸೈಟಿನಲ್ಲಿ ಜಾಹೀರಾತು ಹಾಕಿ ಗೂಗಲ್ ಕೊಡುವ ಆಡ್‌ಸೆನ್ಸ್ ದುಡ್ಡೂ ಡಾಲರ್‌ನಲ್ಲೇ ಬರುತ್ತದಲ್ಲ, ಹಾಗಾದರೆ ನಮಗೂ ಜಾಸ್ತಿ ಸಿಗಬೇಕು, ಅಲ್ವಾ? ಎಲ್ಲರಿಗೂ ಸಿಗುವುದಿಲ್ಲ. ನಿಮ್ಮ ಪುಟದ ಜಾಹೀರಾತಿಗೆ ದುಡ್ಡು ಕೊಡುವವರು ಯಾರು ಅನ್ನುವುದರ ಮೇಲೆ ಅದು ನಿಂತಿದೆ.

ನನ್ನ ಸೈಟಿನಲ್ಲಿ ಕಾಳುಮೆಣಸು, ಕಾಫಿ ತೋಟದ ಕೆಲಸದ ಬಗ್ಗೆ ಕನ್ನಡದ ಬರಹಗಳಿವೆ. ಅವನ್ನು ಓದುವವರು ಹಾಸನ, ಚಿಕ್ಕಮಗಳೂರು, ಕೊಡಗಿನವರು. ಫಿಲ್ಟರ್ ಕಾಫಿ, ಚಿಕೋರಿ ಬಗ್ಗೆ ಇಂಗ್ಲಿಷಿನಲ್ಲೂ ಬರೆಯುತ್ತೇನೆ. ಅದಕ್ಕೆ ಅಮೆರಿಕದ ಓದುಗರು ಬರುತ್ತಾರೆ. ಒಂದೇ ಖಾತೆ, ಆದರೆ ಡಾಲರ್ ಏರಿದಾಗ ಎರಡರ ಕಥೆ ಬೇರೆ ಬೇರೆ.

ಬೆಂಗಳೂರಿನ ಒಂದು ಟ್ರಾಕ್ಟರ್ ಕಂಪನಿಯ ಜಾಹೀರಾತಿನಿಂದ ನಿಮ್ಮ ಪಾಲಿಗೆ 840 ರೂಪಾಯಿ ಬಂತು ಅಂದುಕೊಳ್ಳಿ. ಆ ಕಂಪನಿ ಕೊಡುವುದು ರೂಪಾಯಿ. ಗೂಗಲ್ ಅದನ್ನು ಆ ಹೊತ್ತಿನ ಮಾರುಕಟ್ಟೆ ದರದಲ್ಲಿ ಡಾಲರ್ ಮಾಡಿ ನಿಮ್ಮ ಖಾತೆಗೆ ಬರೆಯುತ್ತದೆ. ಡಾಲರ್ 84 ಇದ್ದರೆ 10 ಡಾಲರ್ ಕಾಣುತ್ತದೆ. 90 ಆದರೆ 9.33 ಡಾಲರ್ ಮಾತ್ರ. ಬ್ಯಾಂಕಿಗೆ ಬಂದು ಮತ್ತೆ ರೂಪಾಯಿ ಆದಾಗ ಹೆಚ್ಚುಕಡಿಮೆ ಅದೇ 840. ಅಂದರೆ ಓದುಗರು ಒಬ್ಬರೂ ಕಡಿಮೆಯಾಗದೆ ಪರದೆಯ ಮೇಲೆ ಗಳಿಕೆ ಇಳಿದಂತೆ ಕಾಣಬಹುದು. ಅದನ್ನು ನೋಡಿ ಗಾಬರಿಯಾಗಿ ಪುಟದ ತುಂಬ ಜಾಹೀರಾತು ತುಂಬಬೇಡಿ. ಓದುವವರಿಗೆ ಸುಮ್ನೆ ಹಿಂಸೆ.

ಅಮೆರಿಕದ ಕಂಪನಿ ಡಾಲರ್‌ನಲ್ಲೇ ಕೊಟ್ಟರೆ ಮಾತು ಬೇರೆ. 10 ಡಾಲರ್ 10 ಆಗಿಯೇ ಉಳಿಯುತ್ತದೆ. 840 ಇದ್ದದ್ದು 900 ಆಗುತ್ತದೆ. ಇದು ನಿಜವಾದ ಲಾಭ.

ಆದ್ದರಿಂದ ಮೊದಲ ಕೆಲಸ: ಆಡ್‌ಸೆನ್ಸ್ ವರದಿಯನ್ನು ದೇಶವಾರು ತೆಗೆದು ನೋಡಿ. ಭಾರತದ ಓದುಗರಿಗೂ ವಿದೇಶಿ ಕಂಪನಿಗಳ ಜಾಹೀರಾತು ಬರುವುದುಂಟು, ಹಾಗಾಗಿ ಇದು ಅಂದಾಜು ಲೆಕ್ಕ. ಆದರೂ ಸಾಕು. ಆಮೇಲೆ ಒಂದು ಪುಸ್ತಕದಲ್ಲಿ ಪ್ರತಿ ತಿಂಗಳು ಮೂರು ಅಂಕಿ ಬರೆಯಿರಿ: ಬಂದ ಡಾಲರ್, ಬ್ಯಾಂಕ್ ಕೊಟ್ಟ ದರ, ಕೈಗೆ ಸಿಕ್ಕ ರೂಪಾಯಿ. ಉದಾಹರಣೆಗೆ, ಹೋದ ತಿಂಗಳು 120 ಡಾಲರ್, ದರ 83, ಅಂದರೆ 9,960 ರೂಪಾಯಿ. ಈ ತಿಂಗಳು 115 ಡಾಲರ್, ದರ 86, ಅಂದರೆ 9,890. ರೂಪಾಯಿ ಮಾತ್ರ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಗಳಿಕೆ 5 ಡಾಲರ್ ಇಳಿದದ್ದು ಕಣ್ಣಿಗೇ ಬೀಳುವುದಿಲ್ಲ. ಜನವರಿಯ ಇಳಿತಕ್ಕಂತೂ ವಿನಿಮಯ ದರವನ್ನು ದೂರಬೇಡಿ. ಕ್ರಿಸ್‌ಮಸ್ ವ್ಯಾಪಾರ ಮುಗಿದ ಮೇಲೆ ಅಮೆರಿಕದ ಕಂಪನಿಗಳು ಜಾಹೀರಾತಿನ ಖರ್ಚು ತಗ್ಗಿಸುತ್ತವೆ.

ಇನ್ನು ದರ. ಒಂದು ತಿಂಗಳ ಗಳಿಕೆಯನ್ನು ಗೂಗಲ್ ಮುಂದಿನ ತಿಂಗಳು 21ರಿಂದ 26ರ ನಡುವೆ ಕಳಿಸುತ್ತದೆ, ಅದೂ ಖಾತೆಯಲ್ಲಿ 100 ಡಾಲರ್ ತುಂಬಿದ್ದರೆ. ನಿಮಗೆ ಸಿಗುವುದು ದುಡ್ಡು ಬ್ಯಾಂಕಿಗೆ ಬಂದು ಬದಲಾಗುವ ದಿನದ ದರ. ಅದೂ ಟಿವಿಯಲ್ಲಿ ತೋರಿಸುವ ದರವಲ್ಲ, ಬ್ಯಾಂಕಿನ ಟಿಟಿ ಖರೀದಿ ದರ, ಅಂದರೆ ವಿದೇಶದಿಂದ ಬಂದ ಡಾಲರನ್ನು ಬ್ಯಾಂಕ್ ನಿಮ್ಮಿಂದ ಕೊಳ್ಳುವ ದರ. ಅದು ಯಾವಾಗಲೂ ಸ್ವಲ್ಪ ಕಡಿಮೆ. ಆ ಅಂತರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಕೇಳಿ ಹೋಲಿಸಿ ನೋಡಿ. ವಿನಿಮಯದ ಮೇಲೆ ಜಿಎಸ್‌ಟಿಯೂ ಇದೆ: 25,000 ರೂಪಾಯಿವರೆಗೆ ಎಷ್ಟೇ ಬರಲಿ, 45 ರೂಪಾಯಿ. ಬ್ಯಾಂಕಿನ ಶುಲ್ಕ ಬೇರೆ. ಹಾಗಾಗಿ ಚಿಕ್ಕ ಗಳಿಕೆಯವರು ಪಾವತಿಯ ಮಿತಿಯನ್ನು 100ರಿಂದ 250–300 ಡಾಲರ್‌ಗೆ ಏರಿಸಿಕೊಳ್ಳುವುದು ಒಳ್ಳೆಯದು. ಡಾಲರ್ ಇನ್ನೂ ಏರಲಿ ಅಂತ ತಿಂಗಳುಗಟ್ಟಲೆ ತಡೆಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಅದು ಜೂಜು.

ವಿದೇಶದಿಂದ ದುಡ್ಡು ಬರಲು ಬ್ಯಾಂಕಿನ ಗುರುತಾದ ಸ್ವಿಫ್ಟ್ ಕೋಡ್ ಬೇಕು. ನಮ್ಮ ಕಡೆಯ ಎಷ್ಟೋ ಬ್ಯಾಂಕ್ ಶಾಖೆಗಳಿಗೆ ಸ್ವಂತ ಕೋಡ್ ಇರುವುದಿಲ್ಲ. ವಿದೇಶಿ ವಿನಿಮಯ ನೋಡಿಕೊಳ್ಳುವ ದೊಡ್ಡ ಶಾಖೆಯ ಕೋಡ್ ಕೇಳಿ ಪಡೆಯಿರಿ. ಯಾವ ಬಾಬ್ತಿನ ದುಡ್ಡು ಎಂದು ಬ್ಯಾಂಕಿನವರು ಕೇಳಿದರೆ ಜಾಹೀರಾತಿನ ಪರ್ಪಸ್ ಕೋಡ್ ಪಿ1007. ದುಡ್ಡು ಬಂದದ್ದಕ್ಕೆ ಅವರು ಕೊಡುವ ಪತ್ರವನ್ನು ತೆರಿಗೆ ಲೆಕ್ಕಕ್ಕೆ ಜೋಪಾನ ಮಾಡಿ.

ಖರ್ಚಿನ ಕಡೆಯೂ ಒಮ್ಮೆ ನೋಡಿ. ಹೋಸ್ಟಿಂಗ್, ಡೊಮೇನ್, ಥೀಮ್ ಎಲ್ಲ ಡಾಲರ್‌ನಲ್ಲಿ ಕಟ್ಟುತ್ತಿದ್ದು, ಓದುಗರು ಮಾತ್ರ ಹಾಸನದವರೇ ಆಗಿದ್ದರೆ ಡಾಲರ್ ಏರಿದಾಗ ನಿಮಗೆ ನಷ್ಟವೇ. ಬರುವುದು ಅಷ್ಟೇ, ಹೋಗುವುದು ಜಾಸ್ತಿ. ಕಾರ್ಡ್‌ನವರ ವಿನಿಮಯ ಶುಲ್ಕವೂ ಸೇರುತ್ತದೆ. ಕನ್ನಡದಲ್ಲಿ ಮಾತ್ರ ಬರೆಯುವವರು ಮುಂದಿನ ನವೀಕರಣಕ್ಕೆ ಮೊದಲೇ ರೂಪಾಯಿಯಲ್ಲಿ ಬಿಲ್ ಮಾಡುವ ಹೋಸ್ಟಿಂಗ್ ಹುಡುಕಿಕೊಳ್ಳಿ.