ಟೆನ್ನಿಸ್ ಆಡುವವರ ನಡು ಗಟ್ಟಿಯಾಗಲು ಜಗಲಿಯೇ ಸಾಕು

ಜೂನ್ ಬಂತು ಅಂದ್ರೆ ನಮ್ಮ ಬದಿಯಡ್ಕದ ಕಡೆ ಟೆನ್ನಿಸ್ ನಿಂತಂತೆಯೇ. ಅಂಕಣದ ತುಂಬಾ ಪಾಚಿ. ಹುಡುಗರು ರ‍್ಯಾಕೆಟ್ ಮೂಲೆಗಿಟ್ಟು ಮೊಬೈಲ್ ಹಿಡಿಯುತ್ತಾರೆ. ಆಟ ಕಲಿಸುವ ನನಗೆ ಮಾತ್ರ ಈ ತಿಂಗಳುಗಳೇ ಬೇಕು. ಒಂದು ಜಗಲಿ, ಒಂದು ಚಾಪೆ, ಒಂದು ಹಳೇ ಸೈಕಲ್ ಟ್ಯೂಬ್ ಇದ್ದರೆ ಕೋರ್ ಗಟ್ಟಿ ಮಾಡಲು ಶುರು ಮಾಡಬಹುದು.

ಕೋರ್ ಅಂದ ಕೂಡಲೇ ಅಂಗಿ ಎತ್ತಿ ಹೊಟ್ಟೆ ತೋರಿಸುವವರಿದ್ದಾರೆ. ಸಿಕ್ಸ್ ಪ್ಯಾಕ್ ಯಾರಿಗೆ ಬೇಕು ಮಾರಾಯ್ರೇ? ಹೊಟ್ಟೆ, ಪಕ್ಕೆ, ಕೆಳಬೆನ್ನು, ಪೃಷ್ಠ, ಇಷ್ಟೂ ಸೇರಿದರೆ ಕೋರ್. ಸರ್ವ್‌ನ ಬಲ ಹುಟ್ಟುವುದು ನೆಲ ಒತ್ತುವ ಕಾಲಲ್ಲಿ. ಸೊಂಟ, ಎದೆ, ಭುಜ ದಾಟಿ ಅದು ಕೈಗೆ ಬರಬೇಕು. ದೋಟಿ ಹಿಡಿದು ಅಡಿಕೆ ಕೊಯ್ಯುವವರನ್ನು ನೋಡಿ. ಕೈ ದಾರಿ ತೋರಿಸುತ್ತದೆ ಅಷ್ಟೇ, ಅಷ್ಟುದ್ದದ ಕೋಲನ್ನು ತಡೆದು ನಿಲ್ಲಿಸುವುದು ಕಾಲು ಮತ್ತು ನಡು. ನಡು ಸಡಿಲವಾದರೆ ಭಾರವೆಲ್ಲ ಭುಜಕ್ಕೆ.

ಹಾಗಾಗಿ ಮೊದಲು ಅಲುಗಾಡದೆ ನಿಲ್ಲಲು ಕಲಿಯಿರಿ, ತಿರುಗುವುದು ಆಮೇಲೆ.

ಅಂಗಾತ ಮಲಗಿ ಕೈ ಮೇಲಕ್ಕೆತ್ತಿ, ಮಂಡಿ ಮಡಚಿ ಕಾಲೂ ಎತ್ತಿ. ಬಲಗೈ ಮತ್ತು ಎಡಗಾಲನ್ನು ನಿಧಾನ ನೆಲದ ಹತ್ತಿರ ತಂದು ವಾಪಸ್ ಒಯ್ಯಿರಿ, ಆಮೇಲೆ ಇನ್ನೊಂದು ಜೋಡಿ. ಇದೇ ಡೆಡ್ ಬಗ್. ಕೆಳಬೆನ್ನು ಚಾಪೆ ಬಿಟ್ಟು ಎದ್ದರೆ ಕಾಲನ್ನು ಅಷ್ಟು ಕೆಳಗೆ ಇಳಿಸಬೇಡಿ. ಒಂದೊಂದು ಬದಿಗೆ 8 ಸಾಕು.

ಆಮೇಲೆ ಸೈಡ್ ಪ್ಲ್ಯಾಂಕ್, ಅಂದರೆ ಒಂದು ಪಕ್ಕಕ್ಕೆ ಮಲಗಿ ಮೊಣಕೈ ಮತ್ತು ಪಾದದ ಮೇಲೆ ಮೈ ಎತ್ತಿ ನೇರ ಹಿಡಿಯುವುದು. ಮೊಣಕೈ ಭುಜದ ನೇರ ಕೆಳಗೆ, 20 ಸೆಕೆಂಡ್. ಎರಡೂ ಬದಿ ಮಾಡಲೇಬೇಕು. ಬಲಗೈಯಲ್ಲಿ ಸರ್ವ್ ಮಾಡುವವರ ಹೊಟ್ಟೆಯ ಎಡಭಾಗಕ್ಕೆ ಎಳೆತ ಜಾಸ್ತಿ. ಹೊಟ್ಟೆಯ ಸ್ನಾಯು ಹರಿದದ್ದಕ್ಕೇ 2022ರ ವಿಂಬಲ್ಡನ್ ಸೆಮಿಫೈನಲ್ ಆಡದೆ ನಡಾಲ್ ಹಿಂದೆ ಸರಿದರು. ಸಿಟ್-ಅಪ್ ನೂರು ಹೊಡೆದೆ ಅಂತ ಬೀಗುವುದು ನನಗಂತೂ ಇಷ್ಟ ಇಲ್ಲ.

ಟ್ಯೂಬನ್ನು ಎದೆಯ ಎತ್ತರಕ್ಕೆ ಜಗಲಿಯ ಕಂಬಕ್ಕೆ ಕಟ್ಟಿ. ಬಿರುಕು ಬಿಟ್ಟ ಟ್ಯೂಬ್ ಬೇಡ, ತುಂಡಾದರೆ ಮುಖಕ್ಕೇ ಬಡಿಯುತ್ತದೆ. ಕಂಬಕ್ಕೆ ಪಕ್ಕ ಕೊಟ್ಟು ನಿಂತು, ಟ್ಯೂಬನ್ನು ಎರಡೂ ಕೈಯಲ್ಲಿ ಎದೆಗೆ ತಂದು ಮುಂದಕ್ಕೆ ಚಾಚಿ. ಅದು ನಿಮ್ಮನ್ನು ಕಂಬದ ಕಡೆ ತಿರುಗಿಸಲು ಎಳೆಯುತ್ತದೆ. ನೀವು ತಿರುಗಬಾರದು. ಹೊಕ್ಕುಳು ಅಂಗಳವನ್ನೇ ನೋಡುತ್ತಿರಲಿ. ಮೂರು ಸೆಕೆಂಡ್ ಹಿಡಿದು ಬಿಡಿ, ಬದಿಗೆ 10 ಸಲ. ಉಸಿರು ಬಿಗಿ ಹಿಡಿಯಬೇಡಿ. ಇರಚಲು ಹೊಡೆದ ನೆಲ ಜಾರುತ್ತದೆ, ಶೂ ಹಾಕಿಕೊಳ್ಳಿ.

ಎರಡು ಮೂರು ವಾರ ಕಳೆದ ಮೇಲೆ ಚೆಂಡು ಎಸೆತ. 2 ಕಿಲೋದ ಮೆಡಿಸಿನ್ ಬಾಲ್ (ವ್ಯಾಯಾಮಕ್ಕೆ ಬಳಸುವ ಭಾರದ ಚೆಂಡು) ಸಾಕು, ಚಿಕ್ಕವರಿಗೆ 1 ಕಿಲೋ. ಮಳೆ ಬಿಟ್ಟ ಹೊತ್ತಲ್ಲಿ ಗೋಡೆಗೆ ಪಕ್ಕ ಕೊಟ್ಟು ನಿಲ್ಲಿ. ಹಿಂಗಾಲಿನ ಮೇಲೆ ಭಾರ ಹಾಕಿ. ಮೊದಲು ಸೊಂಟ ತಿರುಗಲಿ, ಕೈ ಅದರ ಹಿಂದೆ ಬರಲಿ. ಬದಿಗೆ 6 ಎಸೆತ, ಆಮೇಲೆ ಸುಧಾರಿಸಿಕೊಳ್ಳಿ. ವೇಗ ತಗ್ಗಿದರೆ ಅವತ್ತಿಗೆ ಸಾಕು. ಗಾರೆ ಹಾಕದೆ ಸುಮ್ನೆ ಪೇರಿಸಿದ ಕೆಂಪುಕಲ್ಲಿನ ಗೋಡೆಗೆ ಮಾತ್ರ ಎಸೆಯಬೇಡಿ. ಸುಣ್ಣ ಬಳಿದ ಗೋಡೆಯಾದರೆ ಮನೆಯವರ ಬೈಗುಳ ನಿಮ್ಮದು.

ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ. ನಲವತ್ತು ದಾಟಿದವರು "ನಮಗೆ ಆಗ್ತದಾ?" ಅಂತ ಕೇಳುತ್ತಾರೆ. ಪಕ್ಕದ ಕೊಡಗಿನ ರೋಹನ್ ಬೋಪಣ್ಣ 43ರ ವಯಸ್ಸಲ್ಲಿ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ಅದೂ ಸವೆದ ಮಂಡಿ ಇಟ್ಟುಕೊಂಡು. ಅಯ್ಯಂಗಾರ್ ಯೋಗದಿಂದ ಉಪಕಾರ ಆಯ್ತು ಅಂತ ಅವರೇ ಹೇಳಿದ್ದಾರೆ.

ಬೆಳೆಯುವ ಮಕ್ಕಳಿಗೆ ಹಿಂದಕ್ಕೆ ಬಾಗಿದಾಗ ಕೆಳಬೆನ್ನು ನೋಯುತ್ತಿದ್ದರೆ ಸರ್ವ್ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಮುಲಾಮು ಹಚ್ಚಿ ಆಡಿಸುವುದು ಬೇಡ.

ಮಳೆ ಹೋಗಿ ಅಂಕಣ ಒಣಗಿದ ಮೇಲೂ ಮೊದಲ ವಾರ ಅರ್ಧ ವೇಗದಲ್ಲೇ ಸರ್ವ್ ಮಾಡಿ.