ಡೆಡ್‌ಲಿಫ್ಟ್ ಮಾಡುವಾಗ ಹಿಡಿಯುತ್ತಿದ್ದ ಸೊಂಟ: ನನ್ನ ಅನುಭವ

ಶಿವಮೊಗ್ಗದಲ್ಲಿ ನಾನು ಹೋಗುವ ಜಿಮ್ಮಿನಲ್ಲಿ, ನೆಲದ ಮೇಲಿನ ಭಾರದ ಬಾರನ್ನು (ಕಬ್ಬಿಣದ ಸರಳನ್ನು) ಹಿಡಿದು ನೆಟ್ಟಗೆ ನಿಲ್ಲುವವರೆಗೆ ಎತ್ತುವ ವ್ಯಾಯಾಮವಾದ ಡೆಡ್‌ಲಿಫ್ಟ್ ಆರಂಭಿಸಿದ ಎರಡನೆಯ ತಿಂಗಳಿಗೇ, ಭಾರ 60 ಕಿಲೋ ಮುಟ್ಟಿದೊಡನೆ ಸೊಂಟ ಹಿಡಿದುಕೊಳ್ಳತೊಡಗಿತು. ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿದಾಗ, ಬಾರ್ ನನ್ನ ಕಣಕಾಲಿನಿಂದ ನಾಲ್ಕು ಬೆರಳು ದೂರವಿದ್ದದ್ದೂ, ಎತ್ತುವ ಕ್ಷಣದಲ್ಲಿ ಬೆನ್ನು ಬಿಲ್ಲಿನಂತೆ ಬಾಗುತ್ತಿದ್ದದ್ದೂ ಕಂಡವು.

ಮೊದಲನೆಯ ತಪ್ಪು ಬೇಗ ಸರಿಹೋಯಿತು. ಶೂ ಲೇಸಿನ ಗಂಟಿನ ನೇರಕ್ಕೆ, ಅಂದರೆ ಪಾದದ ನಡುಭಾಗಕ್ಕೆ, ಬಾರ್ ಬರುವಂತೆ ನಿಂತೆ. ತೀರ್ಥಹಳ್ಳಿ ಕಡೆ ಅಡಿಕೆ ಮೂಟೆ ಎತ್ತುವ ಹಮಾಲರೂ ಹೊರೆಯನ್ನು ಮೈಯಿಂದ ದೂರ ಬಿಡುವುದಿಲ್ಲ.

ಎರಡನೆಯದರ ಮೂಲ ಪ್ಲೇಟಿನಲ್ಲಿ, ಅಂದರೆ ಬಾರಿನ ಎರಡೂ ತುದಿಗೆ ಹಾಕುವ ದುಂಡನೆಯ ಭಾರದ ಬಿಲ್ಲೆಯಲ್ಲಿತ್ತು. ಪೂರ್ಣಗಾತ್ರದ ಪ್ಲೇಟಿನ ವ್ಯಾಸ 45 ಸೆಂ.ಮೀ. ಇರುವುದರಿಂದ ಬಾರ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ; ಇಲ್ಲಿನ 10 ಕಿಲೋದ ಚಿಕ್ಕ ಕಬ್ಬಿಣದ ಪ್ಲೇಟು ಹಾಕಿ ಟೇಪು ಹಿಡಿದರೆ ಬರೀ 14 ಸೆಂ.ಮೀ. ಬಂತು. ತೊಡೆಯ ಹಿಂಬದಿ ಬಿಗಿಯಾಗಿರುವ ನನ್ನಂಥವರು ಅಷ್ಟು ಕೆಳಗೆ ಕೈಯಿಟ್ಟರೆ ಬೆನ್ನು ಬಾಗಲೇಬೇಕು. ಆದ್ದರಿಂದ ಸಾ ಮಿಲ್ಲಿನಿಂದ ಹಲಗೆಯ ತುಂಡುಗಳನ್ನು ತಂದು, ಎರಡೂ ಬದಿಯ ಪ್ಲೇಟಿನಡಿ ಎಂಟೂವರೆ ಸೆಂ.ಮೀ. ಎತ್ತರಕ್ಕೆ ಸಮನಾಗಿ ಜೋಡಿಸಿದೆ.

ಈಗ ಬಾರ್ ಹಿಡಿದ ಮೇಲೆ ಕಣಕಾಲನ್ನು ಅದಕ್ಕೆ ತಾಗಿಸಿ, ಎದೆ ಎತ್ತಿ, ಕಂಕುಳನ್ನು ಬಿಗಿದು, ಹೊಟ್ಟೆ ತುಂಬ ಉಸಿರೆಳೆದು ಹಿಡಿಯುತ್ತೇನೆ; ಬಾರ್ ಮತ್ತು ಪ್ಲೇಟಿನ ನಡುವಿನ ಸಡಿಲು ‘ಟಕ್’ ಎಂದು ಮುಗಿದ ಬಳಿಕವೇ ನೆಲವನ್ನು ಪಾದದಿಂದ ಒತ್ತುತ್ತೇನೆ. ನೋವು ಪೂರ್ತಿ ನಿಂತ ಮೇಲೆ 40 ಕಿಲೋದಿಂದ ಮತ್ತೆ ಆರಂಭಿಸಿ, ಹತ್ತು ವಾರಗಳಲ್ಲಿ 80 ತಲುಪಿದ್ದೇನೆ. ಸೊಂಟ ಒಮ್ಮೆಯೂ ಹಿಡಿದಿಲ್ಲ.