ಸೈಕಲ್ಲು, 150 ಗ್ರಾಂ ಬ್ರೆಡ್ಡು ಮತ್ತು ಒಂದು ‘ತಾವು’

ಎರಡನೇ ಮಹಾಯುದ್ಧದ ಕಾಲದ ಇಟಲಿಯ ‘ಸ್ಟಾಫೆಟ್ಟಾ’ಗಳ ಬಗ್ಗೆ, ಅಂದರೆ ಫ್ಯಾಸಿಸ್ಟರ ಕಣ್ಣು ತಪ್ಪಿಸಿ ಪತ್ರ, ಪತ್ರಿಕೆ, ಕೆಲವೊಮ್ಮೆ ಗುಂಡುಮದ್ದು ಸಾಗಿಸುತ್ತಿದ್ದ ಹೆಂಗಸರ ಬಗ್ಗೆ, ಕಾದಂಬರಿ ಬರೆಯುವಾಗ ನಾನು ಮೊದಲು ಬರೆದದ್ದು ಪಾತ್ರವನ್ನಲ್ಲ, ಲೆಕ್ಕವನ್ನು.

ಕತೆಯ ಕಾಲ 1944ರ ಜನವರಿ, ದಾರಿ ಮಿಲಾನ್‌ನಿಂದ ಬೆರ್ಗಾಮೊ, ಸುಮಾರು 50 ಕಿ.ಮೀ. ಹೊರೆ ಹೊತ್ತ ಹಳೇ ಸೈಕಲ್ಲಿಗೆ ಗಂಟೆಗೆ 12 ಕಿ.ಮೀ. ಹಿಡಿದರೆ ನಾಲ್ಕು ಗಂಟೆ ದಾಟುತ್ತದೆ. ಎರಡು ತಪಾಸಣೆ, ಒಂದು ಪಂಕ್ಚರ್ ಸೇರಿಸಿದರೆ ಐದೂವರೆ. ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕತ್ತಲಾದರೆ ಕರ್ಫ್ಯೂ ಭಯ. ಹೊರಡುವ ಹೊತ್ತು ಹನ್ನೊಂದೂವರೆಯಿಂದ ಹನ್ನೆರಡೂವರೆಗೆ ಜಾರಿದರೆ ಸಾಕು, ಬಂದೂಕಿಲ್ಲದೆಯೇ ಅಧ್ಯಾಯಕ್ಕೆ ಬಿಗಿ ಬರುತ್ತದೆ. ಬೇಸಿಗೆಯ ದೃಶ್ಯವಾದರೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರೇ ಎಂದು ನೋಡಿಕೊಳ್ಳಬೇಕು.

ಹೊರೆಯನ್ನೂ ತೂಗಬೇಕು. ಗುಪ್ತ ಪತ್ರಿಕೆಯ ಒಂದು ಹಾಳೆ ಏಳೂವರೆ ಗ್ರಾಂ ಎಂದಿಟ್ಟುಕೊಂಡರೆ 400 ಪ್ರತಿಗೆ 3 ಕೆ.ಜಿ.; ಒಮ್ಮೆ ಮಡಚಿದ ಕಟ್ಟು ಆರೇಳು ಸೆಂ.ಮೀ. ದಪ್ಪ. ತರಕಾರಿಯಡಿ ಅಡಗುತ್ತದೆ, ರವಿಕೆಯೊಳಗೆ ಖಂಡಿತ ಇಲ್ಲ. ರವಿಕೆಗೆ, ಜಡೆಗೆ, ಸೀಟಿನ ಕೊಳವೆಗೆ ತೆಳುಕಾಗದದ ಚೀಟಿಯೇ ಸರಿ. ನನ್ನ ಮೊದಲ ಕರಡಿನಲ್ಲಿ ನಾಯಕಿ ಇಡೀ ಕಟ್ಟನ್ನು ಲಂಗದೊಳಗೆ ಸಿಕ್ಕಿಸಿಕೊಂಡು ಸೈಕಲ್ ತುಳಿದಿದ್ದಳು! ಇನ್ನು ಇದೇ ಸೈಕಲ್ಲನ್ನು ರೋಮ್‌ಗೆ ಒಯ್ದರೆ ಕತೆ ಕೆಡುತ್ತದೆ. ಹೋರಾಟಗಾರರು ಸೈಕಲ್ ಮೇಲೆ ಬಂದು ದಾಳಿ ಮಾಡುತ್ತಿದ್ದರೆಂದು ನಗರ ಹಿಡಿದಿದ್ದ ಜರ್ಮನ್ನರು ಅಲ್ಲಿ 1943ರ ಡಿಸೆಂಬರಿನಲ್ಲೇ ಸೈಕಲ್ ನಿಷೇಧಿಸಿದ್ದರು. ಜನ ಮೂರನೇ ಚಕ್ರ ಸಿಕ್ಕಿಸಿ ಆದೇಶಕ್ಕೆ ಚಳ್ಳೆಹಣ್ಣು ತಿನ್ನಿಸಿದರು.

ಊಟದಲ್ಲೂ ಎಡವುವುದು ಸುಲಭ. 1942ರ ಮಾರ್ಚಿನಿಂದ ಸಾಮಾನ್ಯ ವಯಸ್ಕರಿಗೆ ಪಡಿತರದಲ್ಲಿ ದಿನಕ್ಕೆ 150 ಗ್ರಾಂ ಬ್ರೆಡ್ಡು. ಅತಿಥಿಗೆ ಅರ್ಧ ಬ್ರೆಡ್ಡು ಮುರಿದುಕೊಟ್ಟಳು ಎಂದು ಬರೆದರೆ ಅದು ಸೌಜನ್ಯವಲ್ಲ, ಅವಳ ಅರ್ಧ ದಿನ. ಲೋಟದಲ್ಲಿರುವುದು ಕಾಫಿಯಲ್ಲ, ಬಾರ್ಲಿ ಚಿಕೋರಿಯ ಕಷಾಯ.

ನನಗೆ ಹೆಚ್ಚು ಕೆಲಸ ಕೊಟ್ಟಿದ್ದು ಸಂಭಾಷಣೆ. ಇಟಾಲಿಯನ್‌ನಲ್ಲಿ ‘ತೂ’ ಸಲುಗೆಯದು. ‘ಲೇಯ್’, ‘ವೋಯ್’ ಎರಡೂ ಗೌರವದವು. 1938ರಲ್ಲಿ ಮುಸೊಲಿನಿ ಸರ್ಕಾರ ‘ಲೇಯ್’ ಬೇಡ, ‘ವೋಯ್’ ಅನ್ನಿ ಎಂದು ಕಚೇರಿ, ಶಾಲೆಗಳಿಗೆ ಕಟ್ಟಪ್ಪಣೆ ಮಾಡಿತು. ಇಂಗ್ಲಿಷಿನಲ್ಲಿ ಮೂರೂ ಒಂದೇ ಪದದಲ್ಲಿ ಕರಗಿಹೋಗುತ್ತವೆ. ನಮ್ಮಲ್ಲಿ ಪುಣ್ಯಕ್ಕೆ ನೀನು, ನೀವು, ತಾವು ಇವೆ. ಹೋರಾಟದ ಸಂಗಾತಿಗಳಿಗೆ ‘ನೀನು’, ಆಡಳಿತದ ಬಾಯಿಗೆ ‘ನೀವು’, ‘ಲೇಯ್’ಗೆ ‘ತಾವು’ ಎಂದು ಹಂಚಿದೆ. ಪಡಿತರ ಕಚೇರಿಯಲ್ಲಿ ನಾಯಕಿ ಮೆತ್ತಗೆ ‘ತಾವು’ ಅಂದಾಗ ಗುಮಾಸ್ತ ತಲೆ ಎತ್ತುತ್ತಾನೆ. ಓದುಗರಿಗೆ ಇದು ಹತ್ತಬೇಕಾದರೆ ಅದಕ್ಕೂ ಮೊದಲು ಎರಡು ಕಡೆ ಯಾರಾದರೂ ‘ತಾವು’ ಅಂದು ಬೈಸಿಕೊಳ್ಳಲೇಬೇಕು. ಅಡಿಟಿಪ್ಪಣಿ ಹಾಕಿದರೆ ಸತ್ತುಹೋಗುತ್ತದೆ. ನೇಪಲ್ಸ್ ಕಡೆಯವರ ಮಾತಿಗೆ ಈ ಸೂತ್ರ ಬೇಡ. ಅಲ್ಲಿ ‘ವೋಯ್’ ಅಜ್ಜಿಯ ಕಾಲದಿಂದಲೂ ಮನೆಮಾತು.

ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯವರು ಬ್ರಿಟಿಷರ ಪರವಾಗಿ ಇಟಲಿಯಲ್ಲಿ ಕಾದಿದ್ದರಲ್ಲ, ಒಬ್ಬ ಸಿಪಾಯಿಯನ್ನು ತರೋಣವೇ ಎಂಬ ಆಸೆ ಯಾರಿಗಾದರೂ ಬರುತ್ತದೆ. ಆದರೆ ಆ ಜನವರಿಯಲ್ಲಿ ರಣರಂಗ ರೋಮ್‌ಗಿಂತಲೂ ಕೆಳಗಿತ್ತು. ಉತ್ತರದ ಮಿಲಾನ್‌ನಲ್ಲಿ ಅವನು ಕಾಣಿಸಿದರೆ ಕೈದಿಯಾಗಿ ಮಾತ್ರ.

ಆಕರಗಳಿಗೆ ಅಧಿಕೃತ ಪಟ್ಟಿಗಳನ್ನಷ್ಟೇ ನಂಬಬಾರದು. ಯುದ್ಧಾನಂತರ ಹೋರಾಟಗಾರರೆಂಬ ಮಾನ್ಯತೆಗೆ ಸಶಸ್ತ್ರ ಪಡೆಯಲ್ಲಿ ಕನಿಷ್ಠ ಮೂರು ತಿಂಗಳು, ಮೂರು ಕಾರ್ಯಾಚರಣೆ ಬೇಕಿತ್ತು. ಸುಮಾರು 35,000 ಹೆಂಗಸರಿಗೆ ಅದು ಸಿಕ್ಕಿತು. ಸೈಕಲ್ ತುಳಿದ ಬಹಳಷ್ಟು ಜನ ಹೊರಗುಳಿದರು. ಅವರು ಸಿಗುವುದು ದಾಖಲಿಸಿಟ್ಟ ಮೌಖಿಕ ನೆನಪುಗಳಲ್ಲಿ. ಅಲ್ಲಿ ತಾರೀಕು ಹೆಚ್ಚುಕಡಿಮೆ ಆಗಬಹುದು, ಚೀಲದಲ್ಲಿ ಏನಿತ್ತು ಎಂಬುದು ಸಾಮಾನ್ಯವಾಗಿ ಆಗುವುದಿಲ್ಲ.

ಹಾಗಾಗಿ ಕೊನೆಯ ಅಧ್ಯಾಯವನ್ನು 1945ರ ಏಪ್ರಿಲ್ 25ರ ಬಿಡುಗಡೆಯ ಸಂಭ್ರಮದಿಂದ ಕಿತ್ತು, ಆ ಮಾನ್ಯತೆಯ ಅರ್ಜಿಯ ಮೇಜಿಗೆ ತಂದೆ. ಗುಮಾಸ್ತ ಈಗ ನಯವಾಗಿ ಕೇಳುತ್ತಾನೆ: “ತಾವು ಎಷ್ಟು ಕಾರ್ಯಾಚರಣೆಯಲ್ಲಿದ್ದಿರಿ?” ನಮೂನೆಯಲ್ಲಿ ಕಿಲೋಮೀಟರಿಗೆ ಕಾಲಂ ಇಲ್ಲ.